ಬ್ಯಾಡಗಿಗೆ ವಾರಂಟ್ ಹಿಡಿದು ಹೋದದ್ದು

ಗುರುವಾರ, ರಾಣೆಬೆನ್ನೂರು.

ಬಾಡಿಗೆ ಕಾರಿಗೆ ಎರಡು ಸಾವಿರದ ನಾನೂರು, ಪೇದೆಯ ಊಟಕ್ಕೆ ನೂರೆಂಬತ್ತು, ಮೇಲೆ ನನ್ನ ಖಾನಾವಳಿಯ ಒಂದು ದಿನದ ವ್ಯಾಪಾರ. ಇಷ್ಟೆಲ್ಲ ಕಳೆದದ್ದು ಮಗಳು ಸ್ನೇಹಾಳ ಅಪ್ಪ ಶಶಿಕಾಂತ ವರ್ಷದಿಂದ ಕೊಡದ ಅರವತ್ತು ಸಾವಿರ ಜೀವನಾಂಶ ವಸೂಲಿ ಮಾಡಲು. ಅವಳ ಕಾಲೇಜಿಗೆ ಶನಿವಾರದೊಳಗೆ ಇಪ್ಪತ್ತು ಸಾವಿರ ಕಟ್ಟಬೇಕು.

ಹಾವೇರಿ ಕೋರ್ಟಿನ ವಾರಂಟ್ ಹಿಡಿದು ಪೇದೆಯೊಂದಿಗೆ ಬ್ಯಾಡಗಿಗೆ ಹೋದಾಗ ಶಶಿಕಾಂತ ತನ್ನ ಮೆಣಸಿನಕಾಯಿ ಅಂಗಡಿಯಲ್ಲಿ ಮಾಲೀಕರ ಗಾದಿಯ ಮೇಲೆ ಒರಗಿ ಕುಳಿತಿದ್ದ. ವಿಚ್ಛೇದನವಾದ ತಿಂಗಳಲ್ಲೇ ಅಂಗಡಿಯನ್ನು ತಾಯಿಯ ಹೆಸರಿಗೆ ಮಾಡಿಟ್ಟಿದ್ದಾನೆ.

"ನಂದೇನೈತ್ರಿ ಸಾಹೇಬ್ರ, ಅವ್ವನ ಅಂಗಡ್ಯಾಗ ಹಮಾಲಿ ಮಾಡ್ತೇನಿ," ಎಂದ.

ನಾನು ಅವನ ತಾಯಿ ಮುದುಕವ್ವನ ಕಡೆ ತಿರುಗಿದೆ. "ಹಮಾಲನ್ನ ಗಾದಿ ಮ್ಯಾಲೆ ಕುಂದ್ರಿಸೀರಲ್ಲ ಅತ್ತೀ, ಚೀಲ ನೀವ ಹೊರ್ತೀರೇನು?"

ಅಲ್ಲಿದ್ದ ಹಮಾಲರೆಲ್ಲ ನಕ್ಕರು. ಆಕೆ ಸಿಡುಕುತ್ತ ಹತ್ತು ಸಾವಿರ ಎಣಿಸಿದಳು. ಉಳಿದದ್ದು ಮುಂದಿನ ತಿಂಗಳಂತೆ.

"ತಗೋರಿ ಅಕ್ಕಾರ, ಒಳಗ ಹಾಕಿದ್ರ ಇದೂ ಬರೂದಿಲ್ಲ," ಎಂದ ಪೇದೆ.

ತೆಗೆದುಕೊಂಡೆ. ನೋಟು ಕೈಗೆ ಬಂದಾಗ ಸಿಟ್ಟು ಬರಬೇಕಿತ್ತು, ಸಮಾಧಾನವಾಯಿತು. ಈಗ ಹೊಟ್ಟೆ ಉರಿಯುತ್ತಿರುವುದು ಅದಕ್ಕೇ. ನನ್ನ ಮಗಳದ್ದೇ ದುಡ್ಡಿಗೆ ನಾನು ಅವರಿಗೆ ಕೈಮುಗಿದು ಬಂದೆ.

ಕಾರಿನವನಿಗೆ ಬಾಡಿಗೆ ಸಿಕ್ಕಿತು, ಪೇದೆಗೆ ಊಟ, ಹಮಾಲರಿಗೆ ನಗು. ಶಶಿಕಾಂತನಿಗೆ ಒಂದು ತಿಂಗಳು ಸಿಕ್ಕಿತು. ಸ್ನೇಹಾಳಿಗೆ ಅರ್ಧ ಫೀ.