ಪಲೋಮಾಳ ಅಜ್ಜಿ, ಚಾರ್ವಿಯ ಅಜ್ಜಿ

ಸುಂಡ್‌ಬೀಬರ್ಯ್, ಸ್ವೀಡನ್
ಭಾನುವಾರ, ನವೆಂಬರ್ ೨೬, ೨೦೦೬

ಚಿರಂಜೀವಿ ಚಾರ್ವಿಗೆ ಅಜ್ಜಿಯ ಮನಃಪೂರ್ವಕ ಆಶೀರ್ವಾದಗಳು.

ಪತ್ರದ ಆರಂಭದಲ್ಲಿ ಎಲ್ಲರೂ ಕ್ಷೇಮವೆಂದು ಬರೆಯಬೇಕೆಂದು ಈ ಅಡುಗೆಮನೆಯ ಮೇಜಿನ ಬಳಿ ಕೂರಿಸಿಕೊಂಡು ನಾನೇ ನಿನಗೆ ಕಲಿಸಿದ್ದೆ. ಇಂದು ಆ ಪದ್ಧತಿಯನ್ನು ಬಿಡುತ್ತಿದ್ದೇನೆ. ನಿನ್ನ ಅಪ್ಪ, ಅಮ್ಮ ಆರೋಗ್ಯವಾಗಿದ್ದಾರೆ. ಮನೆ ಮಾತ್ರ ಚೆನ್ನಾಗಿಲ್ಲ. ನೀನು ಉತ್ತರದ ಉಮೆಯೊ ಊರಿಗೆ ಓದಲು ಹೋದ ಮೇಲೆ, ನಾನು ಫೋನು ಕೈಗೆತ್ತಿಕೊಂಡ ಕೂಡಲೇ ನಿನಗೆ ತರಗತಿ ಆರಂಭವಾಗುತ್ತದೆ. ಭಾನುವಾರವೂ ತರಗತಿ ನಡೆಸುವ ವಿಶ್ವವಿದ್ಯಾಲಯವನ್ನು ನನ್ನ ಅಧ್ಯಾಪನದ ಬದುಕಿನಲ್ಲಿ ನಾನು ಕಂಡಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆದಿದ್ದೇನೆ. ಬೆರಳಿಟ್ಟು ನಿಧಾನವಾಗಿ ಓದು.

ನಿನ್ನೆ ನಿನ್ನ ಅಮ್ಮ ಒಂದು ಸಂಗತಿ ಹೇಳಿದಳು. ಡಿಸೆಂಬರಿನ ಲೂಸಿಯಾ ಹಬ್ಬಕ್ಕೆ, ತಲೆಯ ಮೇಲೆ ದೀಪಗಳ ಕಿರೀಟವಿಟ್ಟುಕೊಂಡು ಎಲ್ಲರಿಗಿಂತ ಮುಂದೆ ನಡೆಯುತ್ತಾ ಹಾಡುವ ಹುಡುಗಿಯಾಗಿ, ಅಲ್ಲಿನ ಗಾಯಕವೃಂದದವರು ನಿನ್ನನ್ನು ಆರಿಸಿದರಂತೆ. ನೀನು ಒಲ್ಲೆನೆಂದೆಯಂತೆ. ಏಕೆಂದು ಅವಳು ಕೇಳಿದ್ದಕ್ಕೆ, "ಅಜ್ಜಿ ಸುಮ್‌ಸುಮ್ನೆ ಒಂದು ವರ್ಡೂ ಯೂಸ್ ಮಾಡಲ್ಲ ಅಮ್ಮಾ. ಅಜ್ಜಿ ಸಾಧಾರಣ ಅಂದ್ರೆ ನಾನು ಸಾಧಾರಣನೇ" ಎಂದೆಯಂತೆ. ಶುಕ್ರವಾರದೊಳಗೆ ನೀನು ಒಪ್ಪದಿದ್ದರೆ ಬೇರೊಬ್ಬಳನ್ನು ಗೊತ್ತುಮಾಡುತ್ತಾರಂತೆ. ಈ ಪತ್ರ ಅದಕ್ಕಿಂತ ಮೊದಲು ನಿನ್ನನ್ನು ತಲುಪಲಿ ಎಂಬುದೊಂದೇ ನನ್ನ ಆತುರ.

ಕಳೆದ ವಸಂತದಲ್ಲಿ, ಟಿವಿಯ ಹಾಡಿನ ಸ್ಪರ್ಧೆಗೆ ಆಯ್ಕೆಯಾಗಿ ನೀನು ಆ ಕ್ಯಾಮೆರಾಗಳ ಮನೆಗೆ ಹೊರಡುವ ಮುನ್ನ ನನ್ನ ಕೈಗೊಂದು ಕಾದಂಬರಿ ಕೊಟ್ಟೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ಮೆಕ್ಸಿಕೋ ಮೂಲದ ಲೇಖಕಿಯೊಬ್ಬಳು ನಿನ್ನ ವಯಸ್ಸಿನವರಿಗಾಗಿ ಬರೆದದ್ದು. ಪಲೋಮಾ ಎಂಬ ಹುಡುಗಿ ನಿನ್ನಂತೆಯೇ ಒಂದು ಟಿವಿ ಸ್ಪರ್ಧೆಗೆ ಹಾಡಲು ಹೋಗುತ್ತಾಳೆ. ಮೊದಲ ಅಧ್ಯಾಯದಲ್ಲಿಯೇ ಕ್ರಿಯಾಪದವಿಲ್ಲದ ವಾಕ್ಯಗಳು ಸಾಲಾಗಿ ನಿಂತಿದ್ದವು. ಇಂಗ್ಲಿಷಿನ ನಡುವೆ ಹೇಳದೆ ಕೇಳದೆ ಸ್ಪ್ಯಾನಿಷ್ ನುಗ್ಗುತ್ತಿತ್ತು. ನಾನು ಪೆನ್ಸಿಲು ತೆಗೆದು ತಿದ್ದತೊಡಗಿದೆ. ಈಕೆಗೆ ವಾಕ್ಯರಚನೆ ಹೇಳಿಕೊಟ್ಟ ಮಹಾರಾಯರು ಯಾರೆಂದು ನಿನ್ನನ್ನು ಕೇಳಿದೆ. ನೀನು ಶೂ ಹಾಕಿಕೊಳ್ಳುತ್ತಲೇ, "ಅಜ್ಜೀ, ಗ್ರಾಮರ್ ಬಿಟ್ಹಾಕು. ಆ ಹುಡುಗಿ ಅಜ್ಜಿ ಬರೋವರ್ಗಾದ್ರೂ ಓದು, ಪ್ಲೀಸ್. ನಾನು ಅಲ್ಲಿರೋವಾಗ ಟಿವಿಯವ್ರು ನಮ್ಮನೆಗೆ ಬರ್ತಾರೆ" ಎಂದೆ. ನಾನು ಹೂಂ ಎಂದೆ. ಓದಲಿಲ್ಲ.

ಅವರು ಒಂದು ಶನಿವಾರ ಬಂದರು. ನಿನ್ನ ಅಮ್ಮ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು. ಬಂದವರು ಅದನ್ನು ತಮ್ಮ ಕಾಫಿ-ತಿಂಡಿಯ ಹೆಸರಿನಿಂದ ಫಿಕಾ ಎಂದು ಕರೆದು ಸಂತೋಷವಾಗಿ ತಿಂದರು. ನಾನು ಮೈಸೂರು ರೇಷ್ಮೆಯ ಸೀರೆಯುಟ್ಟು ನೆಟ್ಟಗೆ ಕುಳಿತೆ. ಪ್ರಶ್ನೆ ಕೇಳುವ ಹುಡುಗಿ, ನಿಮ್ಮ ಭಾಷೆಯಲ್ಲಿಯೇ ಹೇಳಿ, ಕೆಳಗೆ ಸ್ವೀಡಿಷ್ ಬರೆಯುತ್ತೇವೆ ಎಂದಳು. ಸ್ವೀಡನ್ನಿನ ಟಿವಿಯಲ್ಲಿ ಶುದ್ಧ ಕನ್ನಡ ಕೇಳಿಸುವ ಭಾಗ್ಯ ನನ್ನ ಪಾಲಿಗೆ ಬಂದಿತೆಂದು ನಾನು ಎಷ್ಟು ಹಿಗ್ಗಿದೆನೆಂದು ನಿನಗೆ ತಿಳಿಯದು. ಮೊಮ್ಮಗಳು ಹೇಗೆ ಹಾಡುತ್ತಾಳೆ ಎಂದು ಕೇಳಿದಳು. ನಾನು ಹೇಳಿದೆ: "ಏನೋ ಸಾಧಾರಣವಾಗಿ ಹಾಡುತ್ತಾಳೆ. ಅಂಥ ವಿಶೇಷವೇನೂ ಇಲ್ಲ. ಇವಳಿಗಿಂತ ಚೆನ್ನಾಗಿ ಹಾಡುವ ಮಕ್ಕಳು ಬೇಕಾದಷ್ಟು ಜನ ಇದ್ದಾರೆ."

ಚಾರ್ವಿ, ಮನೆಗೆ ಬಂದವರ ಮುಂದೆ ನಮ್ಮ ಮಗುವನ್ನು ನಾವೇ ಹೊಗಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕೇಸರಿಬಾತನ್ನೂ ನಾವು ಹೊಗಳಿಕೊಳ್ಳುವುದಿಲ್ಲ. ಏನೋ ಮಾಡಿದ್ದೇವೆ, ಹೇಗಿದೆಯೋ ಏನೋ ಎನ್ನುತ್ತೇವೆ. ಆಗ ಬಂದವರು, "ಛೇ ಛೇ, ಏನ್ ಮಾತು ಅಂತ ಆಡ್ತೀರಿ, ಅಮೃತದ ಹಾಗಿದೆ" ಎನ್ನಬೇಕು. ಮಾತಿನ ಉಳಿದರ್ಧ ಅವರ ಪಾಲಿನದು. ನಾನು ನನ್ನ ಅರ್ಧವನ್ನು ಹೇಳಿ ಆ ಹುಡುಗಿಯ ಮುಖ ನೋಡುತ್ತಾ ಕಾದೆ. ಅವಳು ತಲೆಯಾಡಿಸಿ, ಧನ್ಯವಾದ ಹೇಳಿ, ಕ್ಯಾಮೆರಾ ನಿಲ್ಲಿಸಿಬಿಟ್ಟಳು.

ಮುಂದಿನದನ್ನು ನೀನು ಬಲ್ಲೆ. ಆದರೆ ನೀನು ವೇದಿಕೆಯ ಮೇಲಿದ್ದೆ; ನಾನು ಮೂರನೆಯ ಸಾಲಿನಲ್ಲಿದ್ದೆ. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ. ನೀನು ಹಾಡುವ ಮೊದಲು ಆ ದೊಡ್ಡ ಪರದೆಯ ಮೇಲೆ ನನ್ನ ಮುಖ ಬಂದಿತು. ಹಿನ್ನೆಲೆಗೆ ಯಾವುದೋ ಗಂಭೀರ ವಾದ್ಯವನ್ನು ಸೇರಿಸಿದ್ದರು. ಜನ ಮೊದಲು ನಕ್ಕರು, ಆಮೇಲೆ ನಿನಗಾಗಿ ಅಯ್ಯೋ ಎಂದರು. ಆ ಅಯ್ಯೋ ನನ್ನ ಕಿವಿಯಿಂದ ಹೋಗಿಲ್ಲ. ನಿನ್ನ ಅಮ್ಮ ನನ್ನ ತೋಳನ್ನು ಹಿಡಿದು, "ಒಂದ್ಸಲ ಬಾಯ್ತುಂಬ ಹೊಗಳಿದ್ರೆ ನಿನ್ ಗಂಟೇನು ಹೋಗ್ತಿತ್ತಮ್ಮಾ?" ಎಂದಳು. ನೀನು ಪರದೆಯತ್ತ ತಿರುಗಿ ಕೆಳಗಿನ ಸ್ವೀಡಿಷ್ ಸಾಲುಗಳನ್ನು ಕೊನೆಯವರೆಗೂ ಓದಿದೆ. ಹಾಡು ಎತ್ತಿಕೊಂಡೆ, ಎರಡನೆಯ ಸಾಲಿನಲ್ಲಿಯೇ ಶ್ರುತಿ ಜಾರಿತು. ಆ ರಾತ್ರಿಯ ಮತದಾನದಲ್ಲಿ ನೀನು ಸ್ಪರ್ಧೆಯಿಂದ ಹೊರಬಿದ್ದೆ. ಹಿಂದಿರುಗುವಾಗ ರೈಲಿನಲ್ಲಿ ನಮ್ಮ ಪಕ್ಕ ಜಾಗವಿದ್ದರೂ ದೂರ ಹೋಗಿ ಕುಳಿತೆ.

ನಿನ್ನ ಅಪ್ಪ ನನ್ನನ್ನು ಸಮಾಧಾನಪಡಿಸಲು, "ಟ್ರಾನ್ಸ್‌ಲೇಷನ್ನಲ್ಲಿ ಏನೋ ಎಡವಟ್ಟು ಮಾಡಿರ್ತಾರೆ ಬಿಡಿ ಅತ್ತೆ" ಎಂದರು. ಮಾರನೆಯ ದಿನ ಅವರಿಂದ ಒಂದೊಂದು ಪದವನ್ನೂ ಓದಿಸಿ ಕೇಳಿದೆ. ಜೀವನವಿಡೀ ಇತರರ ತಪ್ಪುಗಳನ್ನು ಹುಡುಕಿದವಳು, ಅಂದು ಒಂದೇ ಒಂದು ತಪ್ಪು ಸಿಗಲೆಂದು ಹಂಬಲಿಸಿದೆ. ಸಿಗಲಿಲ್ಲ. ನಾನು ಆಡಿದ್ದನ್ನೇ ಅವರು ಬರೆದಿದ್ದರು.

ಆಗಲಾದರೂ ನಿನ್ನ ಬಳಿ ಬರಬೇಕಿತ್ತು. ಬದಲಿಗೆ, ನಾನು ಮರ್ಯಾದೆಯ ಮಾತನ್ನೇ ಆಡಿದ್ದೇನೆ ಎಂದು ತಿಂಡಿಯ ಹೊತ್ತಿನಲ್ಲಿ ವಾದಿಸಿದೆ. ನೀನು ಬಟ್ಟಲಿನಿಂದ ತಲೆಯೆತ್ತದೆ, "ಯಾರ ಮರ್ಯಾದೆ, ಅಜ್ಜಿ?" ಎಂದೆ. ಅಂದಿನಿಂದ ಆಗಸ್ಟಿನಲ್ಲಿ ನೀನು ಹೊರಡುವವರೆಗೆ ನಮ್ಮಿಬ್ಬರ ನಡುವೆ ಊಟವಾಯಿತೇ, ಬಾಗಿಲು ಹಾಕಿದೆಯಾ ಎಂಬುದರ ಹೊರತು ಮಾತು ನಡೆಯಲಿಲ್ಲ.

ಕಳೆದ ವಾರ ನಿನ್ನ ಕೋಣೆಯನ್ನು ಒರೆಸುವಾಗ ಆ ಕಾದಂಬರಿ ಸಿಕ್ಕಿತು. ಮಧ್ಯಾಹ್ನವೇ ಕತ್ತಲಾಗುವ ಈ ದಿನಗಳಲ್ಲಿ ಬೇರೆ ಕೆಲಸವಿರಲಿಲ್ಲ. ನಿನ್ನ ಮಂಚದ ಮೇಲೆ ಕುಳಿತು ಓದಿ ಮುಗಿಸಿದೆ. ಟಿವಿಯವರು ಪಲೋಮಾಳ ತಾಯಿಯ ಮಾತಿನ ತುದಿಯನ್ನು ಕತ್ತರಿಸಿ, ಬುಡವನ್ನಷ್ಟೇ ತೋರಿಸಿ, ಆಕೆಯನ್ನು ಹೊಟ್ಟೆಕಿಚ್ಚಿನ ಹೆಂಗಸನ್ನಾಗಿ ಮಾಡುತ್ತಾರೆ. ಹೆದರಿದ ಪಲೋಮಾ ತನ್ನ ಅಜ್ಜಿಗೆ, ನೀನು ಬರಬೇಡ, ನಿನ್ನ ಇಂಗ್ಲಿಷನ್ನು ಕೇಳಿ ನಗುತ್ತಾರೆ ಎನ್ನುತ್ತಾಳೆ. ಆ ಮುದುಕಿ ಬಂದೇ ಬರುತ್ತಾಳೆ. ಅಡುಗೆಯ ಏಪ್ರನ್ನು ಕೂಡ ಬಿಚ್ಚಿರುವುದಿಲ್ಲ. ಯಾರೂ ಕೇಳದಿದ್ದರೂ ಸಭೆಯ ನಡುವೆ ಎದ್ದು ನಿಂತು ತನ್ನ ಭಾಷೆಯಲ್ಲಿ, ಇವಳು ನನ್ನ ಹುಡುಗಿ, ಸುಮ್ಮನಿದ್ದು ಕೇಳಿ ಎನ್ನುತ್ತಾಳೆ. ಅವಳ ಮಾತು ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಅರ್ಥವಾಗಬೇಕಾದವಳಿಗೆ ಆಗುತ್ತದೆ.

ಕಾದಂಬರಿ ಶ್ರೇಷ್ಠ ಕೃತಿಯೇನಲ್ಲ. ಆ ಅಭಿಪ್ರಾಯವನ್ನು ನಾನು ಬದಲಿಸಲಾರೆ. ಆದರೆ ಆ ಅಜ್ಜಿ ಎದ್ದು ನಿಲ್ಲುವ ಪುಟದಲ್ಲಿಯೂ ಕ್ರಿಯಾಪದವಿಲ್ಲದ ವಾಕ್ಯಗಳಿದ್ದುವೆಂಬುದು ಎರಡನೆಯ ಸಲ ಓದುವಾಗಲಷ್ಟೇ ನನಗೆ ಕಂಡಿತು. ಪರೀಕ್ಷೆಗೆ ಮೊದಲೇ ನೀನು ನನ್ನ ಕೈಗೆ ಪಠ್ಯಪುಸ್ತಕವನ್ನು ಕೊಟ್ಟಿದ್ದೆ, ಮಗು. ಕ್ಯಾಮೆರಾದ ಎದುರಿನಲ್ಲಿ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ ಎಂದು ನನಗೆ ತಿಳಿಸಲು ನೀನು ಕಂಡುಕೊಂಡ ದಾರಿ ಅದು. ನಾನು ಪಾಠ ಓದದೆ, ಪುಸ್ತಕದ ತಪ್ಪು ತಿದ್ದುತ್ತಾ ಕುಳಿತೆ. ಇಂಥ ವಿದ್ಯಾರ್ಥಿನಿ ನನ್ನ ತರಗತಿಯಲ್ಲಿದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಹಾಗಾದರೆ ನನ್ನ ನಿಜವಾದ ಅಭಿಪ್ರಾಯವೇನು? ನೀನು ಹಾಡುವಾಗ ಮೇಲಿನ ಷಡ್ಜಕ್ಕೆ ಹತ್ತುವುದು ಕಾಣುವುದೇ ಇಲ್ಲ. ಅಲ್ಲಿಯೇ ಹುಟ್ಟಿ ಬೆಳೆದವಳ ಹಾಗೆ ನಿಂತಿರುತ್ತೀಯೆ. ಸ್ನಾನದ ಮನೆಯಲ್ಲಿ ನೀನು ರಾಗ ಎತ್ತಿದರೆ, ಸೀಟಿಯ ಸದ್ದು ಅಡ್ಡ ಬರಬಾರದೆಂದು ನಾನು ಕುಕ್ಕರಿನ ಒಲೆಯನ್ನು ಆರಿಸಿಬಿಡುತ್ತಿದ್ದೆ. ಅನ್ನ ದಿನವೂ ಅರೆಬೆಂದಿರುತ್ತಿದ್ದುದು ಆ ಕಾರಣಕ್ಕೆ. ನಿನ್ನ ಅಮ್ಮ ಪಾಪ, ಕುಕ್ಕರೇ ಕೆಟ್ಟಿದೆಯೆಂದು ಬೆಂಗಳೂರಿನಿಂದ ಹೊಸದನ್ನು ಹೊತ್ತು ತಂದಳು. ನಾನು ಬಾಯಿ ಬಿಡಲಿಲ್ಲ. ಸಾಧಾರಣವಾದ ಹಾಡಿಗಾಗಿ ಯಾರೂ ಮನೆಯವರಿಗೆ ಅರೆಬೆಂದ ಅನ್ನ ಬಡಿಸುವುದಿಲ್ಲ.

ನಾನು ಪದಗಳನ್ನು ಸುಮ್ಮನೆ ಬಳಸುವವಳಲ್ಲವೆಂದು ನೀನು ನಂಬಿರುವುದರಿಂದ, ಈ ಮೇಲಿನವುಗಳನ್ನೂ ಹಾಗೆಯೇ ನಂಬು. ಲೂಸಿಯಾಕ್ಕೆ ಒಪ್ಪಿಕೊಳ್ಳೆಂದು ಆ ಗಾಯಕವೃಂದದವರ ಪರವಾಗಿ ಬೇಡುತ್ತೇನೆ. ನನ್ನನ್ನು ಕರೆಯಬೇಕೆಂಬ ಷರತ್ತೇನೂ ಇಲ್ಲ. ನೀನು ಅಲ್ಲಿ ಹಾಡುತ್ತಿರುವೆಯೆಂದು ಇಲ್ಲಿ ಕುಳಿತು ತಿಳಿದರೂ ನನಗೆ ಸಾಕು. ಸಾಕು ಎಂಬುದು ಪೂರ್ತಿ ನಿಜವಲ್ಲ. ಆದರೂ ಅದನ್ನು ಹೊಡೆದುಹಾಕದೆ ಹಾಗೆಯೇ ಬಿಟ್ಟಿದ್ದೇನೆ.

ಇತಿ,
ನಿನ್ನ ಹಾಡನ್ನು ಕಾಯುತ್ತಿರುವ ಅಜ್ಜಿ,
ಇಂದುಮತಿ

ತಾ.ಕ.: ಅಂಚೆಚೀಟಿ ಅಂಟಿಸುವ ಮುನ್ನ ಇನ್ನೊಂದು ಮಾತು. ಮರ್ಯಾದೆಯ ಕಾರಣ ಹೇಳಿದೆನಲ್ಲ, ಅದು ನಿಜ. ಅದರ ಹಿಂದೆ ಇನ್ನೊಂದಿತ್ತು. ಈ ಬೆಳಿಗ್ಗೆ ಕೆಳಗೆ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂರನೆಯ ಮಹಡಿಯ ಬ್ರಿಟ್ಟಾ ಸಿಕ್ಕಿ, ಟಿವಿಯಲ್ಲಿ ಬಂದಿದ್ದ ಹುಡುಗಿ ಹೇಗಿದ್ದಾಳೆಂದು ಕೇಳಿದಳು. ನನ್ನ ಮೊಮ್ಮಗಳು ಬಹಳ ಚೆನ್ನಾಗಿ ಹಾಡುತ್ತಾಳೆ ಎಂದು ನನಗೆ ಬರುವ ಸ್ವೀಡಿಷಿನಲ್ಲಿ ಗಟ್ಟಿಯಾಗಿ ಹೇಳಿಬಿಟ್ಟೆ. ಹೇಳಿ ಮೇಲೆ ಬಂದವಳೇ ನೇರವಾಗಿ ಅಡುಗೆಮನೆಗೆ ಹೋದೆ. ವರ್ಷವರ್ಷವೂ ಮೂಢನಂಬಿಕೆಯನ್ನು ಖಂಡಿಸಿ ಮಕ್ಕಳಿಂದ ಪ್ರಬಂಧ ಬರೆಸಿದವಳು ನಾನು. ನಿನ್ನ ಅಮ್ಮನಿಗೆ ಇದು ತಿಳಿಯಬಾರದು. ಉಪ್ಪು, ಒಣಮೆಣಸಿನಕಾಯಿ ಹಿಡಿದು ನಿನ್ನ ಫೋಟೋಗೆ ನಿವಾಳಿಸಿ ಬಾಣಲೆಯಲ್ಲಿ ಸುಟ್ಟೆ. ಹೊಗೆಗೆ ಛಾವಣಿಯ ಅಲಾರಾಂ ಬಡಿದುಕೊಂಡಿತು. ಅಕ್ಕಪಕ್ಕದವರೆಲ್ಲ ಮೆಟ್ಟಿಲಿಗೆ ಓಡಿಬಂದರು. ದೃಷ್ಟಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲವೆಂದು ನಮ್ಮಮ್ಮ ಹೇಳುತ್ತಿದ್ದಳು. ಇಲ್ಲಿ ಬ್ರಿಟ್ಟಾಳಿಂದ ಹಿಡಿದು ಅವಳ ನಾಯಿಯವರೆಗೆ ಎಲ್ಲರೂ ಕೆಮ್ಮಿದರು. ನನ್ನ ದೃಷ್ಟಿ ಕೂಡ ನಿನಗೆ ತಾಗಿಲ್ಲ, ಚಾರ್ವಿ. ಧೈರ್ಯವಾಗಿ ಹಾಡು.