ಲೋಹ ತುಂಬುವ ತನಕ

ಬಬಲೇಶ್ವರ
೧೧ ಫೆಬ್ರುವರಿ ೨೦೨೫, ಮಂಗಳವಾರ

ಪ್ರೀತಿಯ ಪರಮಣ್ಣಾ,

ಫೋನ್ ಮಾಡಿ ಮಾಡಿ ಸಾಕಾಗಿ ಕೊನೆಗೆ ಕಾಗದ ಹಿಡಿದಿದ್ದೇನೆ. ಜೀಪಿನ ಸಿದ್ದರಾಯ ಇದನ್ನು ತಿಕೋಟಾದ ನಿನ್ನ ಕೋಣೆಗೇ ತಂದು ಕೊಡುತ್ತಾನೆ. ಬಾಗಿಲು ತೆಗೆ. ಅವನ ಮೇಲೆ ರೇಗಬೇಡ, ಅವನೇನು ನಿನ್ನ ತಂತಿ ಮುಟ್ಟುವುದಿಲ್ಲ.

ಅವ್ವನಿಗೆ ಬಹಳ ಜಡ್ಡಾಗಿದೆ. ಕಿಡ್ನಿ ಎರಡೂ ಕೈಬಿಟ್ಟಿವೆ. ವಿಜಯಪುರದ ಡಾಕ್ಟರು ಮೊನ್ನೆ, "ಆಕಿಗೆ ಏನ್ ಬೇಕೋ ಉಣಸ್ರಿ" ಎಂದು ಮನೆಗೆ ಕಳಿಸಿಬಿಟ್ಟರು. ಅದರ ಅರ್ಥ ನಿನಗೆ ಬಿಡಿಸಿ ಹೇಳಬೇಕಿಲ್ಲ. ಈ ವಾರ ಕಳೆಯುವುದು ಕಷ್ಟ. ನೀನು ಬರಬೇಕು, ಕಾಗದ ಬರೆದದ್ದು ಇದಕ್ಕೇ.

ಈಗ ಎದ್ದರೆ ಎಲ್ಲ ಹಾಳು ಎನ್ನುತ್ತೀ, ಗೊತ್ತು. ನಾನೂ ಕೆಮಿಸ್ಟ್ರಿ ಓದಿದವಳೇ. ಪಲ್ಲಾಡಿಯಂ ತಂತಿ ಭಾರಜಲದಲ್ಲಿ ಕೂತು ವಾರಗಟ್ಟಲೆ ಡ್ಯೂಟೀರಿಯಂ ಕುಡಿಯಬೇಕು. ಲೋಹದ ಒಂದೊಂದು ಪರಮಾಣುವಿಗೂ ಹತ್ತಿರ ಹತ್ತಿರ ಒಂದು ಡ್ಯೂಟೀರಿಯಂ ಸೇರುವ ತನಕ ಏನೂ ಆಗುವುದಿಲ್ಲ ಎಂಬುದು ನಿನ್ನ ಹಟ. ಕೂದಲೆಳೆಯಷ್ಟು ಬಿರುಕಿದ್ದರೂ ಕುಡಿದದ್ದೆಲ್ಲ ಸೋರಿಹೋಗುತ್ತದೆ, ಕರೆಂಟು ನಿಂತರೂ ಅಷ್ಟೇ. ಸರಿಯಾಗಿ ನಾದದ ಜೋಳದ ಹಿಟ್ಟಿನ ರೊಟ್ಟಿ ಬಿರಿದ ಹಾಗೆ ಎಂದು ನೀನೇ ಅವ್ವನಿಗೆ ತಿಳಿಸಿ ಹೇಳುತ್ತಿದ್ದೆ. ಅವಳು, "ಹಂಗಾರ ಛಲೋತ್ನಾಗಿ ನಾದೋ ಯಪ್ಪಾ" ಎನ್ನುತ್ತಿದ್ದಳು. ತುಂಬಿದ ಮೇಲೂ ಡ್ಯೂಟೀರಿಯಂ ಒಂದಕ್ಕೊಂದು ಬೆಸೆದು ಬಿಸಿ ಬಂದೀತೆಂಬ ಖಾತ್ರಿ ಇಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳೇ ಇದನ್ನು ನಂಬುವುದಿಲ್ಲ, ನಾನಂತೂ ಅರ್ಧ ನಂಬಿದವಳು.

ಆದರೆ ಎರಡು ವರ್ಷದ ಹಿಂದೆ, ಅಪ್ಪ ತೀರಿಕೊಳ್ಳುವ ಹಿಂದಿನ ದಿನ, ನಿನ್ನ ಥರ್ಮಾಮೀಟರು ಏರಿದ್ದನ್ನು ನಾನೂ ನೋಡಿದ್ದೆ. ಕೊಟ್ಟ ಕರೆಂಟಿನ ಲೆಕ್ಕಕ್ಕಿಂತ ಹೆಚ್ಚು ಬಿಸಿ. ನಿನ್ನ ಮುಖ ಹಾಗೆ ಅರಳಿದ್ದನ್ನು ಆಮೇಲೆ ನಾನು ಕಂಡಿಲ್ಲ. ಮರುದಿನ ಅಪ್ಪ ಹೋದ. ಹೆಣ ಏಳುವ ತನಕ ಮನೆಯಲ್ಲಿ ಬೆಂಕಿ ಇರಬಾರದೆಂದು ಅವ್ವ ಅಳುತ್ತಲೇ ಒಲೆಗೆ ನೀರು ಸುರಿದಳು, ಗ್ಯಾಸ್ ಬಂದ್ ಮಾಡಿದಳು. ಹಿಂದಿನ ಕೋಣೆಯಲ್ಲಿ ಗುಳುಗುಳು ಎನ್ನುತ್ತಿದ್ದ ನಿನ್ನ ಬಿಸಿ ಗಾಜಿನ ಪಾತ್ರೆಯೂ ಅವಳ ಕಣ್ಣಿಗೆ ಒಲೆಯೇ. ಗುಂಡಿ ಒತ್ತಿ ಅದನ್ನೂ ಆರಿಸಿದಳು. ಗಂಡನಿಗೆ ಸಲ್ಲಬೇಕಾದ ಮರ್ಯಾದೆ ಎಂದೇ ಮಾಡಿದಳು.

ಮಣ್ಣು ಕೊಟ್ಟು ಬಂದವನು ನೀನು ಕಾಲು ಸಹ ತೊಳೆಯದೆ ಆ ಕೋಣೆಗೆ ಹೋದೆ. ಹೊರಗೆ ಬಂದು ನೆರೆದವರೆಲ್ಲರ ಮುಂದೆ ಅಂದೆ: "ಇವತ್ತ ಈ ಮನ್ಯಾಗ ಎರಡ ಹೆಣಾ ಬಿದ್ದಾವು. ಒಂದನ್ನ ನೀನ ಕೊಂದಿ." ಅದೇ ಕೊನೆ, ಮನೆ ಬಿಟ್ಟು ತಿಕೋಟಾ ಸೇರಿದ ನೀನು ಅವಳ ಜೊತೆ ಮತ್ತೆ ಮಾತಾಡಲಿಲ್ಲ.

ಆಮೇಲಿನದು ನಿನಗೆ ಗೊತ್ತಿಲ್ಲ. ಅವ್ವ ಮನೆಯ ಯಾವ ಗುಂಡಿಯನ್ನೂ ಮುಟ್ಟುವುದಿಲ್ಲ. ನಾನು ಸಾಲೆಯಲ್ಲಿ ಪಾಠ ಮುಗಿಸಿ ಬರುವ ತನಕ ನಡುಹಗಲಲ್ಲೂ ದೀಪ ಉರಿಯುತ್ತಿರುತ್ತದೆ. ಬಯ್ದರೆ, "ಆರಿಸಿದ್ರ ಏನ್ ಕೆಡತೈತೋ ನಂಗೇನ್ ಗೊತ್ತ ಬೇ?" ಎನ್ನುತ್ತಾಳೆ. ಮೊದಮೊದಲು ನಗು ಬರುತ್ತಿತ್ತು. ಈಗ ಅಳು ಬರುತ್ತದೆ, ನಿನ್ನ ಮೇಲೆ ಸಿಟ್ಟೂ ಬರುತ್ತದೆ.

ತಂತಿಯ ಹತ್ತಿರ ಯಾರು ಎಂಬ ಚಿಂತೆ ಬೇಡ, ನಾನು ಕೂರುತ್ತೇನೆ. ಸಿದ್ದರಾಯನ ಕೈಯಲ್ಲಿ ಹೂಂ ಎಂದು ಹೇಳಿ ಕಳಿಸು. ಅದೇ ಜೀಪಿನಲ್ಲಿ ನಾನು ಅಲ್ಲಿಗೆ ಬರುತ್ತೇನೆ, ನೀನು ಇಲ್ಲಿಗೆ ಹೊರಡು. ಅಷ್ಟೊತ್ತು ಪಕ್ಕದ ಮನೆಯ ಜೀನತಕ್ಕ ಅವ್ವನ ಹತ್ತಿರ ಇರುತ್ತಾಳೆ. ಕರೆಂಟು ಹೋದರೆ ಬ್ಯಾಟರಿಗೆ ಹಾಕುವುದು, ಭಾರಜಲ ಇಳಿದಷ್ಟು ಸುರಿಯುವುದು, ಎಲ್ಲ ನನಗೆ ಬರುತ್ತದೆ. ಅವ್ವನ ಕೊನೆಯ ಹೊತ್ತಿಗೆ ನಾನು ಇಲ್ಲಿರಲಿಕ್ಕಿಲ್ಲ. ಅದು ನನಗೆ ಸಣ್ಣ ಮಾತಲ್ಲ, ಅಣ್ಣಾ. ಆದರೆ ನನ್ನ ಮುಖ ಅವಳು ದಿನಾ ನೋಡಿದ್ದಾಳೆ.

ಬಂದು ತಪ್ಪಾಯಿತು ಎನ್ನಬೇಕಿಲ್ಲ. ಪಕ್ಕದಲ್ಲಿ ಕೂತು ಅವ್ವಾ ಎಂದರೆ ಸಾಕು.

ನಿನ್ನ ದಾರಿ ಕಾಯುತ್ತಿರುವ ತಂಗಿ,
ಸಂಘಮಿತ್ರಾ

ತಾ.ಕ.: ಈ ಕಾಗದದ ವಿಷಯ ಅವ್ವನಿಗೆ ಗೊತ್ತಿಲ್ಲ. ನೀನು ಮತ್ತೆ ತಂತಿ ಹೂಡಿದ್ದೀ ಎಂದು ಸಿದ್ದರಾಯನಿಂದ ಕೇಳಿದವಳು ನಿನ್ನೆ ನನ್ನ ಕೈ ಹಿಡಿದು ಆಣೆ ಮಾಡಿಸಿಕೊಂಡಳು. ಅದನ್ನು ಮುರಿದೇ ಬರೆದಿದ್ದೇನೆ. ಅವಳು ಅಂದದ್ದು ಇಷ್ಟು: "ನಾ ಸತ್ತರೂ ಪರಮ್ಯಾಗ ಹೇಳಿ ಕಳಸಬ್ಯಾಡ. ಅದು ತುಂಬಲಿ. ಈ ಸಲಾನೂ ನಾನ ಆರಿಸಿದಂಗ ಆಗಬಾರ್ದು."