ಕೂಸಿಗೆ ಹೆಸರಿಲ್ಲದ ದಿನಗಳು

ತಿಶ್ರೇ ತಿಂಗಳ 3, ಸೋಮವಾರ. ಬೆಳಕು ಹರಿಯುವ ಹೊತ್ತು

ಮತ್ತೆ ಎದ್ದಿದ್ದಾಳೆ. ಮಲಗಿದ್ದಾದರೂ ಯಾವಾಗ? ಎಡ ಮೊಲೆ, ಬಲ ಮೊಲೆ, ತೇಗು, ಒದ್ದೆ ಬಟ್ಟೆ... ಮತ್ತೆ ಎಡ. ಜೆರುಸಲೇಮಿನ ಕಲ್ಲುಗೋಡೆಗಳಿಗೆ ಈಗ ಹಾಲಿನ ಬಣ್ಣ. ಊರಿಗೆ ಊರೇ ಯಾರದೋ ಮಡಿಲಲ್ಲಿ ಮಲಗಿದ ಹಾಗಿದೆ. ನನಗೊಬ್ಬಳಿಗೇ ಜಾಗವಿಲ್ಲ.

ಹೊಸ ವರ್ಷದ ಹಬ್ಬವೂ ಮುಗಿಯಿತು. ಕೂಸಿಗಿನ್ನೂ ಹೆಸರಿಲ್ಲ. ಲಸಿಕೆ ಕಾರ್ಡಿನಲ್ಲಿ ಬರೀ "ಹೆಣ್ಣು ಮಗು". ಪ್ರಾರ್ಥನಾಮಂದಿರದಲ್ಲಿ ನಮ್ಮ ಧರ್ಮಗ್ರಂಥ ತೋರಾ ಓದುವಾಗ ಅಪ್ಪನಾದವನು ಹೆಸರು ಸಾರಬೇಕು. "ಎಲ್ಲರೂ ಕೇಳ್ತಿದಾರೆ, ಏನು ಹೇಳ್ಲಿ?" ಅಂತಾನೆ ಅಸಾಫ್. ತಡಿ ಅನ್ನುತ್ತೇನೆ.

ಅವನ ಮನೆಯವರು ಕುರ್ದಿಸ್ತಾನದ ಕಡೆಯ ಯೆಹೂದಿಗಳು. ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರು, ಅಜ್ಜಿ ಬದುಕಿರುವಾಗಲೇ. ಅದರಿಂದ ಅವಳ ಆಯಸ್ಸು ಬೆಳೆಯುತ್ತದಂತೆ. ನಮ್ಮವರು ಪೋಲೆಂಡಿನಿಂದ ಬಂದವರು. ಬದುಕಿರುವವರ ಹೆಸರಿಟ್ಟರೆ ಮೃತ್ಯುದೂತ ಗಲಿಬಿಲಿಗೊಂಡು ಮುದುಕಿಯ ಬದಲು ಮಗುವನ್ನು ಎತ್ತಿಕೊಂಡು ಹೋಗುತ್ತಾನೆ. ಹೈಫಾದಿಂದ ಅಮ್ಮ ದಿನಾ ಫೋನಿನಲ್ಲಿ ಇದನ್ನೇ. ನಾನು ಓದಿದವಳು. ಪಶ್ಚಾತ್ತಾಪ, ಪ್ರವಾದಿಗಳು ಅಂತ ಕಾಲೇಜಿನಲ್ಲಿ ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡವಳು. ನಂಬುವುದಿಲ್ಲ. ಆದರೂ ಕೂಸಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಲೇ ಇರುತ್ತೇನೆ.

ಆಸ್ಪತ್ರೆಯಿಂದ ಬಂದ ದಿನ ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು, ಕೂಸಿನ ಕಿವಿಯಲ್ಲಿ ತಮ್ಮ ಹೆಸರನ್ನೇ ಮೆಲ್ಲಗೆ ಹೇಳಿದರು — ನಯೀಮಾ, ನಯೀಮಾ. ಕೂಸನ್ನು ನನ್ನ ಕಡೆ ಎಳೆದುಕೊಂಡೆ. ಅಸಾಫನ ಚಿಕ್ಕಮ್ಮಂದಿರೆಲ್ಲ ಇದ್ದರು. ಅವರೆದುರೇ ಅಂದೆ: "ಬದುಕಿರೋರ ಹೆಸರು ನಾವಿಡಲ್ಲ ಅತ್ತೆ. ನೀವು ಹೋದ್ಮೇಲೆ ಬೇಕಾದ್ರೆ ನೋಡೋಣ."

ಎದ್ದು ಹೋದರು. ಮತ್ತೆ ಈ ಮನೆಯ ಮೆಟ್ಟಿಲು ಹತ್ತಿಲ್ಲ.

ಬಾಗಿಲ ಹಿಡಿಕೆಯಲ್ಲಿ ಇವತ್ತೂ ಚೀಲ. ಒಳಗೆ ಕೆಂಪು ಸೂಪು, ಮಾಂಸ ತುಂಬಿದ ರವೆಯ ಉಂಡೆಗಳು. ಇನ್ನೂ ಬಿಸಿ. ಪಕ್ಕದ ಪ್ನೀನಾ ಇಡುತ್ತಿರಬೇಕು. ಈ ಗಲ್ಲಿಯಲ್ಲಿ ಎಲ್ಲರ ಮನೆಯ ಸೂಪೂ ಒಂದೇ ಥರ.

ತಿಶ್ರೇ 5. ರಾತ್ರಿ

ಕ್ಷಮಾಪಣೆಯ ಉಪವಾಸ ಹತ್ತಿರ ಬಂತು. ದೇವರಿಗೆ ಮಾಡಿದ ತಪ್ಪನ್ನು ಆ ದಿನ ದೇವರು ಕ್ಷಮಿಸುತ್ತಾನೆ. ಮನುಷ್ಯರಿಗೆ ಮಾಡಿದ್ದನ್ನು ಮನುಷ್ಯರ ಹತ್ತಿರವೇ ಹೋಗಿ ಕೇಳಬೇಕು, ಅದಕ್ಕೂ ಮೊದಲೇ. ಎಲ್ಲರ ಹಾಗೆ ನಾನೂ ಫೋನಿನಲ್ಲಿ ಒಂದೇ ಮೆಸೇಜ್ ಬರೆದು ಎಲ್ಲರಿಗೂ ಕಳಿಸಿದೆ. "ಗೊತ್ತಿದ್ದೋ ಗೊತ್ತಿಲ್ಲದೆಯೋ ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ." ಕೆಳಗೊಂದು ದಾಳಿಂಬೆ ಚಿತ್ರ.

ಕಳಿಸಿದ ಮೇಲೆ ಮೂರ್ಖಿ ಅನ್ನಿಸಿತು... ಕಳಿಸಿಯಾಗಿತ್ತು.

ಅಸಾಫ್ ಸಂಜೆ ಅವನಮ್ಮನ ಮನೆಯಿಂದ ಬಂದ. ಮುಖದಲ್ಲಿ ನಗು ತಡೆದುಕೊಂಡ ಹಾಗಿತ್ತು.

"ಅಮ್ಮ ಏನಂದ್ರು?"

"ನಿನ್ನ ಮೆಸೇಜ್ ಅವರಿಗೂ ಬಂತಂತೆ. ನಮ್ಮ ಪ್ಲಂಬರ್‌ಗೂ ಬಂತಂತೆ. ಅವನು ಅಲ್ಲೇ ಸಿಂಕ್ ಕೆಳಗೆ ಮಲಗಿದ್ದ. 'ನಿನ್ನ ಸೊಸೆ ನನ್ನ ಹತ್ರ ಯಾಕೆ ಕ್ಷಮೆ ಕೇಳ್ತಾಳೆ?' ಅಂದ. ಅದಕ್ಕೆ ಅಮ್ಮ, 'ನೀನೂ ಇನ್ನೂ ಸತ್ತಿಲ್ಲವಲ್ಲ, ಅದಕ್ಕೇ' ಅಂದ್ರು."

ಅಳು ಬಂತು. ಅವನು ಹೆದರಿ ಕೂಸನ್ನು ಎತ್ತಿಕೊಂಡ. ಕೂಸೂ ಅತ್ತಿತು.

ತಿಶ್ರೇ 8, ಶನಿವಾರ. ಶಬ್ಬಾತಿನ ವಿಶ್ರಾಂತಿ ಮುಗಿದ ಮೇಲೆ

ನಿದ್ದೆಯೋ ಎಚ್ಚರವೋ ಗೊತ್ತಾಗದೆ ಇಡೀ ದಿನ ನೀರಿನಡಿ ನಡೆದ ಹಾಗಿತ್ತು. ಬೆಳಗ್ಗೆ ಮಂದಿರದ ಮಹಡಿಯಲ್ಲಿ, ಹೆಂಗಸರ ಜಾಲರಿಯ ಹಿಂದೆ, ಕೂಸು ಮಡಿಲಲ್ಲಿ. ಕೆಳಗೆ ಪ್ರವಾದಿ ಹೋಶೇಯನ ಗ್ರಂಥದ ಕೊನೆಯ ಭಾಗ ಓದುತ್ತಿದ್ದರು. ಈ ಶಬ್ಬಾತಿಗೆ ಅದೇ. ಹಿಂದಿರುಗಿ ಬನ್ನಿ, ಬಲಿಗೆ ಹೋರಿ ಗೀರಿ ಬೇಡ, ಮಾತು ತೆಗೆದುಕೊಂಡು ಬನ್ನಿ... ಬಾಯಿಪಾಠ ನನಗೆ. ಆದರೂ ಇವತ್ತೇ ಮೊದಲು ಕೇಳಿದ ಹಾಗಾಯಿತು. ಮಾತು. ಎಲ್ಲರಿಗೂ ಕಳಿಸುವಂಥದ್ದಲ್ಲ. ಅವರಿಗೇ, ಆ ತಪ್ಪಿಗೇ ಅಂತ ಆರಿಸಿದ ಮಾತು.

ಜಾಲರಿಯ ಬೆಳಕು ಕೂಸಿನ ಮೇಲೆ ಚುಕ್ಕಿ ಚುಕ್ಕಿ. ನನ್ನ ಕಣ್ಣು ಮುಚ್ಚಿತು. ಮಡಿಲಲ್ಲಿ ಹೋಶೇಯನ ಮಗಳು. ದೇವರು ಸಿಟ್ಟಿನಲ್ಲಿ "ಕರುಣೆ ಕಾಣದವಳು" ಅಂತ ಹೆಸರಿಡಿಸಿದನಲ್ಲ, ಆ ಕೂಸು. ಯಾರು ಹಾಗೆ ಕರೆದಾರು, ಹಾಲು ಕುಡಿಯುವ ಮಗುವನ್ನು? ಮುಂದೆ ಅವನೇ ಮನಸ್ಸು ಕರಗಿ ಹೆಸರು ಬದಲಿಸಿದ. ಕನಸಿನಲ್ಲಿ ಅವಳು ನನ್ನ ಬೆರಳು ಹಿಡಿದು ಕಾಯುತ್ತಿದ್ದಳು.

ಎಚ್ಚರವಾದಾಗ ಓದುವವನು ಇಬ್ಬನಿಯ ಸಾಲಿಗೆ ಬಂದಿದ್ದ. ನಿಮಗೆ ನಾನು ಇಬ್ಬನಿಯ ಹಾಗಿರುತ್ತೇನೆ ಅನ್ನುತ್ತಾನೆ ದೇವರು. ಪ್ರಬಂಧದಲ್ಲಿ ಇದಕ್ಕೊಂದು ಉದ್ದದ ಅಡಿಟಿಪ್ಪಣಿ ಬರೆದಿದ್ದೆ. ಒಂದು ಮಾತು ಹೊಳೆದಿರಲಿಲ್ಲ: ಇಬ್ಬನಿ ಬೀಳುವುದನ್ನು ಯಾರೂ ನೋಡಿಲ್ಲ. ಎದ್ದರೆ ಒದ್ದೆ, ಅಷ್ಟೆ.

ತಿಶ್ರೇ 9. ಬೆಳಗ್ಗೆ

ಇವತ್ತು ಸೂರ್ಯ ಮುಳುಗಿದರೆ ಉಪವಾಸ. ಬೇಗ ಬರೆಯಬೇಕು.

ಕೂಸನ್ನು ಎತ್ತಿಕೊಂಡು ಕಿಟಕಿಯಲ್ಲಿ ನಿಂತಿದ್ದೆ. ಗೇಟು ಕಿರ್ ಅಂದಿತು. ತಲೆಗೆ ಬಟ್ಟೆ ಕಟ್ಟಿದ ಗುಜ್ಜು ಹೆಂಗಸು. ಏದುಸಿರು. ಚೀಲ ಹಿಡಿಕೆಗೆ ಸಿಕ್ಕಿಸಿ, ಬಾಗಿಲ ಚೌಕಟ್ಟಿನಲ್ಲಿರುವ ಪ್ರಾರ್ಥನೆಯ ಸುರುಳಿ ಮುಟ್ಟಿ ಬೆರಳಿಗೆ ಮುತ್ತಿಟ್ಟು, ಕದ್ದವಳ ಹಾಗೆ ತಿರುಗಿದರು. ಅತ್ತೆ.

ಬರಿಗಾಲಲ್ಲೇ ಓಡಿದೆ. ಅಂಗಳದ ಕಲ್ಲೆಲ್ಲ ಒದ್ದೆ.

"ಅತ್ತೆ!"

"ಚಪ್ಪಲಿ ಎಲ್ಲೇ? ಬಾಣಂತಿ ನೀನು."

"ದಿನಾ ನೀವೇನಾ?"

"ಮತ್ತೆ? ಆ ಪ್ನೀನಾ ಸೂಪು ಮಾಡಿದ್ರೆ ಬೆಕ್ಕೂ ಮೂಸಲ್ಲ."

ಪಕ್ಕದ ಮನೆಯ ಮೇಲಿನ ಕಿಟಕಿಯಿಂದ ಪ್ನೀನಾ: "ಕೇಳಿಸ್ತಿದೆ ನಯೀಮಾ!"

"ಕೇಳ್ಲಿ ಅಂತಾನೇ ಹೇಳಿದ್ದು!"

"ನನ್ನ ಮೇಲೆ ಸಿಟ್ಟಿತ್ತಲ್ಲ ಅತ್ತೆ..."

"ಇತ್ತು. ಈಗ್ಲೂ ಇದೆ. ಸಿಟ್ಟು ಸಿಟ್ಟಿನ ಪಾಡಿಗೆ, ಸೂಪು ಸೂಪಿನ ಪಾಡಿಗೆ. ನೀನು ಉಣ್ಣದಿದ್ರೆ ಕೂಸಿಗೆ ಹಾಲೆಲ್ಲಿಂದ?"

ಹೇಳಿದೆ. ಆರಿಸಿಟ್ಟ ಮಾತೆಲ್ಲ ಬಾಯಲ್ಲಿ ಕಲಸಿಹೋಯಿತು. ಆದರೂ ಹೇಳಿದೆ — ಎಲ್ಲರ ಎದುರು ನಿಮ್ಮ ಸಾವಿನ ಮಾತಾಡಿದೆ. ನಿಮಗೆ ನೋವಾಗಲಿ ಅಂತಲೇ ಆಡಿದೆ. ನನಗೆ ಹೆದರಿಕೆ ಅತ್ತೆ. ಆ ದೂತ ಬಂದು ನಯೀಮಾ ಎಲ್ಲಿ ಅಂದರೆ...

ಅತ್ತೆ ಕೂಸಿನ ಹೊದಿಕೆ ಸರಿಮಾಡಿದರು.

"ಅವನಿಗೇನು ಕಣ್ಣು ಕಾಣಲ್ವಾ? ನನ್ನ ನೋಡು, ಇವಳ್ನ ನೋಡು. ಹಲ್ಲಿಲ್ಲದ್ದು ಒಂದು ಬಿಟ್ರೆ ಯಾವುದ್ರಲ್ಲಿ ಒಂದೇ ಥರ ಇದೀವಿ?"

"ಕ್ಷಮಿಸಿಬಿಡು ನಯೀಮಾ, ನಾನು ಮಲಗ್ಬೇಕು," ಪ್ನೀನಾ.

ಅತ್ತೆ ಕೂಸನ್ನು ತೆಗೆದುಕೊಂಡರು. ನನ್ನ ತಲೆ ಮುಟ್ಟಿದರು. "ಕ್ಷಮಿಸಿದೀನಿ ಮಗಳೇ. ಕ್ಷಮಿಸಿದೀನಿ, ಕ್ಷಮಿಸಿದೀನಿ." ಆಮೇಲೆ ತೀರಾ ಮೆಲ್ಲಗೆ: "ನನ್ನ ಹೆಸರು ಬೇಡ. ನಿನಗೆ ನಿದ್ದೆ ಬರೋ ಹೆಸರು ಯಾವುದೋ ಅದನ್ನ ಇಡು."

ಅದೇ ದಿನ. ಸೂರ್ಯ ಇಳಿಯುತ್ತಿದೆ

ಉಪವಾಸಕ್ಕೆ ಮುಂಚಿನ ಊಟ ಆಯಿತು. ಅತ್ತೆ ಇಲ್ಲೇ ಇದ್ದಾರೆ. ಪಾತ್ರೆ ನನ್ನಿಂದ ತೊಳೆಸಲಿಲ್ಲ. ಮಧ್ಯಾಹ್ನ ಮಲಗಿದೆ. ಕೂಸು ಅವರ ಹೊಟ್ಟೆಯ ಮೇಲೆ, ನಾನು ಗೋಡೆ ಕಡೆ. ಕನಸೇ ಇಲ್ಲದ ನಿದ್ದೆ. ಇಂಥದ್ದು ಎಷ್ಟು ಕಾಲವಾಯಿತೋ.

ಅಮ್ಮನಿಗೆ ಫೋನ್ ಮಾಡಿ ಹೆಸರು ಹೇಳಿದೆ. "ನಿನ್ನ ಮಗಳು, ನೀನೇ ನೋಡ್ಕೋ" ಅಂದು, ಫೋನ್ ಇಡುವ ಮುಂಚೆ "ಚೆನ್ನಾಗಿ ಹೊದಿಸು" ಅಂದರು.

ಹೆದರಿಕೆ ಹೋಗಿಲ್ಲ. ಬೆರಳು ಈಗಲೂ ಮೂಗಿನ ಹತ್ತಿರ ಹೋಗುತ್ತದೆ. ಉಸಿರು ಇದೆ. ಬೆಚ್ಚಗೆ ಬಂದು ಹೋಗುತ್ತಿದೆ.

ಅಸಾಫ್ ಬಿಳಿ ಅಂಗಿ, ಬಟ್ಟೆಯ ಶೂ ಹಾಕಿ ಬಾಗಿಲಲ್ಲಿ ನಿಂತಿದ್ದಾನೆ. ನಾಳೆ ತೋರಾದ ಮುಂದೆ ಹೇಳುವ ಹೆಸರು ಅವನಿಗೆ ಗೊತ್ತು. ಅತ್ತೆಗಿನ್ನೂ ಗೊತ್ತಿಲ್ಲ. ದೀಪ ಹಚ್ಚುವ ಹೊತ್ತು, ಆಮೇಲೆ ಬರೆಯುವ ಹಾಗಿಲ್ಲ. ಅದಕ್ಕೆ ಮುಂಚೆ ಒಂದು ಸಲ ಕರೆದು ನೋಡೋಣ ಅಂತ ತೊಟ್ಟಿಲ ಮೇಲೆ ಬಗ್ಗಿ ಕರೆದೆ: "ನಯೀಮಾ..."

ಕೂಸು ಕಣ್ಣು ಬಿಟ್ಟಿತು.

"ಏನೇ?" ಅಂದರು ಅತ್ತೆ, ಅಡುಗೆಮನೆಯಿಂದ. ಪಾತ್ರೆಯ ಸದ್ದು ನಿಂತಿತು. ಆಮೇಲೆ ಅವರ ಹೆಜ್ಜೆ, ನಿಧಾನ, ಈ ಕಡೆಗೇ —